ಮೈನಿಂಗ್ ಅಂತ ಬಂದವಂಗ ಮೊದಲು ಕರೆಂಟ್ ಬಿಲ್ ಕೇಳ್ರಿ

ತೊಗರಿ ಹೂವಿಗೆ ಬಂದದ, ಕಾಯಿಕೊರಕ ಹುಳದ ಬಗ್ಗೆ ಬರೀತೀನಿ ಅಂತ ಹೋದ ವಾರ ಹೇಳಿದ್ದೆ. ಅದು ಮುಂದಿನ ಸಲ. ಇವತ್ತು ಬ್ಯಾರೆ ನಮೂನಿ ಹುಳದ ಸುದ್ದಿ ಅದ.

ಒಂದು ತಿಂಗಳಾತು, ನಮ್ಮ ಬೇಮಳಖೇಡ ಕಡಿ ಬೈಕ್ ಮ್ಯಾಲೆ ಮಂದಿ ತಿರಗ್ಲಿಕತ್ತಾರ. ಹುಮನಾಬಾದದಾಗೂ ಚಹಾದಂಗಡಿ ಮುಂದ ಇದೇ ಮಾತು. ಬಿಟ್‌ಕಾಯಿನ್ ಮೈನಿಂಗ್. ಇವರಾಗ ಎರಡು ಜಾತಿ ಅವ. ಒಂದು ಜಾತಿ ಅಂತದ, ನೀ ಏನೂ ಮಾಡಬ್ಯಾಡ, ಆ್ಯಪಿನಾಗ ರೊಕ್ಕ ಹಾಕು, ನಿನ್ನ ಮಷೀನ್ ಎಲ್ಲೋ ದೂರ ತಿರಗ್ತದ, ದಿನಾ ನಿನ್ನ ಖಾತೆಗೆ ಬೀಳ್ತದ. ಇನ್ನೊಂದು ಜಾತಿ ಅಂತದ, ಮಷೀನ್ ನಾವೇ ತರ್ತೀವಿ, ನಿನ್ನ ಬೋರಿನ ಶೆಡ್ಡಿನಾಗ ಇಡ್ತೀವಿ, ಹೆಂಗೂ ಪಂಪ್‌ಸೆಟ್ ಕರೆಂಟ್ ಫುಕಟ್ ಅದ, ಅರ್ಧ ನಿನಗ ಅರ್ಧ ನಮಗ.

ನನ್ನ ತಮ್ಮನ ಮಗ ಮೊದಲನೇ ಜಾತಿಗೆ ಸೋಯಾ ಮಾರಿದ ರೊಕ್ಕದಾಗ 30,000 ಕೊಟ್ಟು ಕುಂತಾನ. ಐದು ದಿನ ಬಂತು. ಆರನೇ ದಿನದಿಂದ ‘ಸರ್ವರ್ ಅಪ್‌ಗ್ರೇಡ್’ ನಡದದ. ಇನ್ನೂ ನಡದೇ ಅದ. ಎರಡನೇ ಜಾತಿಯವನು ನನ್ನ ಹೊಲಕ್ಕೇ ಬಂದಿದ್ದ. ನಾ ಎರಡು ಪ್ರಶ್ನೆ ಕೇಳಿದ್ದಕ್ಕ, ‘ಕಾಕಾ, ನೀವು ಎಸ್ಸೆಸ್ಸೆಲ್ಸಿ ಓದೀರಿ, ಇದು ಟೆಕ್ನಾಲಜಿ, ನಿಮಗ ತಿಳಿಯಂಗಿಲ್ಲ’ ಅಂದ. ಮಗ್ಗಿ ಬರ್ತದ ನನಗ. ಈ ಧಂದಾಕ್ಕ ಅಷ್ಟೇ ಸಾಕು.

ಮೈನಿಂಗ್ ಅಂದ್ರ ನೆಲ ಅಗಿಯೂದಲ್ಲ. ಜಗತ್ತಿನ ತುಂಬ ಲಕ್ಷಗಟ್ಟಲೆ ಮಷೀನ್ ಕುಂತು ಒಂದು ನಂಬರ್ ಊಹಿಸ್ತಾವ. ಸುಮಾರು ಹತ್ತು ನಿಮಿಷಕ್ಕ ಒಂದು ಸಲ ಯಾರಿಗೋ ಒಬ್ಬರಿಗೆ ಹತ್ತತದ. ಅವರಿಗೆ ಬಹುಮಾನ 3.125 ಬಿಟ್‌ಕಾಯಿನ್. 2024ರ ಏಪ್ರಿಲ್‌ಕ್ಕಿಂತ ಮೊದಲು ಇದರ ಎರಡರಷ್ಟು ಇತ್ತು. ನಾಲ್ಕು ವರ್ಷಕ್ಕೊಮ್ಮೆ ಅರ್ಧ ಆಗ್ತದ. ದಿನಕ್ಕ 144 ಬಹುಮಾನ, ಅಂದ್ರ 450 ಬಿಟ್‌ಕಾಯಿನ್, ಇಡೀ ಜಗತ್ತಿಗೆ ಅಷ್ಟೇ. ಮಷೀನ್ ಹೆಚ್ಚಾದ್ರ ಬಹುಮಾನ ಹೆಚ್ಚಾಗಂಗಿಲ್ಲ, ನಂಬರ್ ಹುಡುಕೂದು ಬಿರಿ ಆಗ್ತದ. ಎರಡು ವಾರಕ್ಕೊಮ್ಮೆ ಅದನ್ನ ಬಿಗಿ ಮಾಡ್ತಾರ, ಸಡಿಲ ಮಾಡ್ತಾರ. ಲಾಟರಿ ಅದ. ಟಿಕೀಟು ಅಂದ್ರ ಕರೆಂಟು.

ಈಗ ಹಿಸಾಬ್ ಮಾಡೂಣ. ಆಂಟ್‌ಮೈನರ್ ಎಸ್19 ಪ್ರೊ ಅಂತ ಒಂದು ಮಷೀನ್ ಅದ, ಹಳೇದಾತು, ಸೆಕೆಂಡ್ ಹ್ಯಾಂಡ್ ಇದೇ ತಂದು ತೋರಿಸ್ತಾರ. ಅದು ಎಳಿಯೂದು 3,250 ವ್ಯಾಟ್. ನಮ್ಮ 5 ಎಚ್‌ಪಿ ಮೋಟರ್ ಅಂದ್ರ 3,730 ವ್ಯಾಟ್. ಹೆಚ್ಚು ಕಮ್ಮಿ ಒಂದು 5 ಎಚ್‌ಪಿ ಮೋಟರ್ ಹಗಲೂ ರಾತ್ರಿ ಬಂದ್ ಮಾಡದೆ ಹೊಡದಂಗ. ದಿನಕ್ಕ 78 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಎರಡೂವರೆ ದಿನಕ್ಕ ಮುಗೀತದ. ವ್ಯಾಪಾರದ ಕನೆಕ್ಷನ್ ತಗೊಂಡು ಯೂನಿಟ್ಟಿಗೆ 8 ರೂಪಾಯಿ ಅಂತ ಹಿಡೀರಿ, ದಿನಕ್ಕ 624, ತಿಂಗಳಿಗೆ 18,720. ಬರೂದೆಷ್ಟು? ಬಿಟ್‌ಕಾಯಿನ್ ಒಂದು ಲಕ್ಷ ಡಾಲರ್ ಇದ್ದಾಗ, 2025ರ ಪೈಪೋಟಿಯೊಳಗ, ಇಂಥ ಒಂದು ಮಷೀನ್ ದಿನಕ್ಕ ದುಡಿಯೂದು ಸುಮಾರು 475 ರೂಪಾಯಿ. ತಿಂಗಳಿಗೆ 14,250. ಮಷೀನಿನ ರೊಕ್ಕ, ಫ್ಯಾನು, ಶೆಡ್ಡು ಯಾವುದೂ ಹಿಡದಿಲ್ಲ ನಾನು.

ಮ್ಯಾಲೆ ಟ್ಯಾಕ್ಸ್ ಅದ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಗಳಿಕೆ ಮ್ಯಾಲೆ 30 ಪರ್ಸೆಂಟ್. ಮೈನಿಂಗಿಗೆ ಮಾಡಿದ ಯಂತ್ರ-ಸಾಮಾನಿನ ಖರ್ಚು ಅದರಾಗ ಕಳೀಲಿಕ್ಕಿಲ್ಲ ಅಂತ ಸರ್ಕಾರ ಅದೇ ಮಾರ್ಚಿನಾಗ ಪಾರ್ಲಿಮೆಂಟಿನಾಗೇ ಹೇಳ್ಯದ. ಕರೆಂಟ್ ಬಿಲ್ಲಿಗೂ ಬಿಡೂದಿಲ್ಲ. ಅಂದ್ರ 18,720 ಸುಟ್ಟು, 14,250 ಗಳಿಸಿ, ಅದರ ಮ್ಯಾಲೆ ಮತ್ತ 4,275 ಕಟ್ಟಬೇಕು. ಕಬ್ಬಿನ ಬಾಕಿಗೆ ಅಳೂ ನಾವು ಇದಕ್ಕ ನಗಬೇಕು!

ಹಂಗಾದ್ರ ಇದನ್ನ ಯಾರೂ ಮಾಡೂದೇ ಇಲ್ಲೇನು? ಮಾಡ್ತಾರ. ಭೂತಾನದಾಗ ಸರ್ಕಾರದ ಕಂಪನಿ ಡ್ರೂಕ್ ಹೋಲ್ಡಿಂಗ್ ಮಾಡ್ತದ. ಅಲ್ಲಿ ಹೊಳಿ ನೀರಿನ ಕರೆಂಟು ಮಳಿಗಾಲದಾಗ ಹೆಚ್ಚಾಗಿ ಉಳೀತದ, ಹವಾ ತಂಪು. ಅಮೆರಿಕದ ಟೆಕ್ಸಾಸದಾಗ ರಾಯಟ್ ಅಂತ ಕಂಪನಿ, 2023ರ ಆಗಸ್ಟಿನಾಗ ಬಿಸಲಿಗೆ ಊರಿಗೆ ಕರೆಂಟ್ ಕಮ್ಮಿ ಬಿದ್ದಾಗ ಮಷೀನ್ ಬಂದ್ ಮಾಡಿ 3 ಕೋಟಿ 17 ಲಕ್ಷ ಡಾಲರ್ ಕರೆಂಟ್ ಲೆಕ್ಕದಾಗ ಜಮಾ ಮಾಡ್ಕೊಂತು. ಆ ತಿಂಗಳು ಕಾಯಿನ್ ಹೊಡದು ಗಳಿಸಿದ್ದು ಅದರ ಮೂರರಾಗ ಒಂದು ಪಾಲೂ ಇಲ್ಲ. ಅಲ್ಲಿ ಮೋಟರ್ ಬಂದ್ ಮಾಡಿದ್ರ ರೊಕ್ಕ. ನಮಗ ದಿನಾ ತಾಸುಗಟ್ಟಲೆ ಬಂದ್ ಮಾಡ್ತಾರ, ಒಂದು ಚಹಾದ ರೊಕ್ಕ ಕೊಟ್ಟವರಿಲ್ಲ.

ಖರೇ ನಡೆಸೂ ಮನಷ್ಯಾ ಹೆಂಗಿರ್ತಾನ ಗೊತ್ತೇನು? ಅವನ ಮೊದಲ ಮಾತು ಕಾಯಿನ್ ರೇಟ್ ಅಲ್ಲ, ಯೂನಿಟ್ ರೇಟ್. ತನ್ನ ಹೆಸರಿನಾಗ ಲೋಡ್ ಮಂಜೂರು ಮಾಡಿಸಿರ್ತಾನ, ತನ್ನದೇ ಟಿಸಿ ಹಾಕಿಸಿರ್ತಾನ. ಒಂದು ಮಷೀನಿಗೆ 14 ಆಂಪ್ಸ್ ಬಿಡದೆ ಎಳೀತದ, ಅದಕ್ಕ ದಪ್ಪ ವೈರು, ಮಷೀನಿಗೊಂದು ಬ್ರೇಕರ್, ಗಟ್ಟಿ ಅರ್ಥಿಂಗ್. ನಮ್ಮ ಶೆಡ್ಡಿನಾಗ ತಿರುವಿ ಟೇಪ್ ಸುತ್ತಿದ ಜೋಡ್ ಅವನು ನೋಡಿದ್ರ ಅಲ್ಲಿಂದಲೇ ಓಡ್ತಾನ. ಎಳದ 3,250 ವ್ಯಾಟ್ ಪೂರಾ ಬಿಸಿ ಆಗಿ ಹೊರಗ ಬರ್ತದ, ಮೂರು ನೀರು ಕಾಯಿಸೂ ಹೀಟರ್ ಒಂದು ಖೋಲ್ಯಾಗ ಇಟ್ಟಂಗ. ಹಂಗಾಗಿ ಒಂದು ಕಡಿಯಿಂದ ತಂಪು ಗಾಳಿ ಒಳಗ, ಇನ್ನೊಂದು ಕಡಿಯಿಂದ ಬಿಸಿ ಗಾಳಿ ಹೊರಗ, ಎರಡೂ ಕೂಡಬಾರದು, ನಡುವ ಗ್ವಾಡಿ ಬೇಕು. ಒಳಗ ಬರೂ ಗಾಳಿ ಸೋಸಬೇಕು. ಹೊರಗಿನ ಹವಾ 40 ಡಿಗ್ರಿ ದಾಟಿದ್ರ ಈ ಮಷೀನಿನ ಹದ ಮುಗೀತು. ನಮ್ಮ ಏಪ್ರಿಲ್, ಮೇ, ಮ್ಯಾಲೆ ಕೆಂಪು ಮಣ್ಣಿನ ಧೂಳು, ತೊಗರಿ ರಾಶಿ ಹೊತ್ತಿನ ಹೊಟ್ಟು ನೆನಸ್ಕೋರಿ. ಸಪ್ಪಳ ಅಂತೂ ಹಿಟ್ಟಿನ ಗಿರಣಿದು, ಅದೂ ರಾತ್ರಿ ಎಲ್ಲಾ. ವೋಲ್ಟೇಜ್ 200ರಿಂದ 240 ಇರಬೇಕು. ನಮ್ಮಲ್ಲಿ ಸಂಜೀಕಡಿ 170ಕ್ಕ ಇಳದಾಗ ಬಲ್ಬ್ ಮುಖಾ ನೋಡೀರಲ್ಲ.

ಇನ್ನೊಂದು, ಎಲ್ಲಾಕ್ಕಿಂತ ದೊಡ್ಡದು. ಬಂದ ಕಾಯಿನ್ ಬೀಳೂ ವ್ಯಾಲೆಟ್ಟಿನ ಕೀಲಿ ಅವನ ಹತ್ರಾನೇ ಇರ್ತದ, ಮಂದಿ ಹತ್ರ ಅಲ್ಲ. ಗ್ವಾದಲಿಯೊಳಗ ಎಮ್ಮಿ ನಿಂದು, ಹಗ್ಗ ಮಾತ್ರ ಏಜೆಂಟನ ಕೈಯಾಗ ಅಂದ್ರ ಆ ಎಮ್ಮಿ ಯಾರದು?

ಇದನ್ನೆಲ್ಲಾ ಇಟ್ಕೊಂಡು ಮೊದಲನೇ ಜಾತಿ ಆ್ಯಪಿನವರನ್ನ ತೂಗಿ ನೋಡ್ರಿ. ಕರೆಂಟ್ ಮಾತೇ ಆಡಂಗಿಲ್ಲ. ಶೆಡ್ ಎಲ್ಲದ ಹೇಳಂಗಿಲ್ಲ. ಆದ್ರ ದಿನಕ್ಕ ಇಷ್ಟೇ ಬರ್ತದ ಅಂತ ಖಾತ್ರಿ ಕೊಡ್ತಾರ. ಲಾಟರಿಯೊಳಗ ದಿನದ ಪಗಾರ ಯಾರು ಕೊಡ್ತಾರ? ಎಚ್‌ಪಿಜೆಡ್ ಟೋಕನ್ ಅಂತ ಆ್ಯಪ್ ಬಂದಿತ್ತು, ಬಿಟ್‌ಕಾಯಿನ್ ಮೈನಿಂಗ್ ಮಷೀನ್ ಹೆಸರಿನಾಗ. 57,000 ಹಾಕು, ಮೂರು ತಿಂಗಳು ದಿನಾ 4,000 ತಗೋ ಅಂತ. ಗುಣಾಕಾರ ಮಾಡ್ರಿ, 3 ಲಕ್ಷ 60 ಸಾವಿರ! 2021ರಾಗ ನಾಗಾಲ್ಯಾಂಡಿನ ಕೊಹಿಮಾ ಪೊಲೀಸರು ಕೇಸ್ ಹಾಕಿದ್ರು, ಆಮ್ಯಾಲೆ ಇಡಿ ಬಂತು. ಅದಕ್ಕೂ ಮೊದಲು 2015ರಿಂದ ಗೇನ್ ಬಿಟ್‌ಕಾಯಿನ್ ಅಂತ ಅಮಿತ್ ಭಾರದ್ವಾಜ್ ಅನ್ನವ ನಡೆಸಿದ. ತಿಂಗಳಿಗೆ 10 ಪರ್ಸೆಂಟ್, 18 ತಿಂಗಳು, ಮೈನಿಂಗಿನಿಂದ ಅಂತ. ಕಡೀಕ ಬಿಟ್‌ಕಾಯಿನ್ ಬದಲಿ ತಮ್ಮದೇ ಎಂಕ್ಯಾಪ್ ಅನ್ನೂ ಖೊಟ್ಟಿ ಕಾಯಿನ್ ಕೈಗೆ ಇಟ್ರು. 2018ರಾಗ ಪುಣೆ ಪೊಲೀಸರು ಅವನನ್ನ ಹಿಡದ್ರು, 2022ರಾಗ ಅವನು ಸತ್ತ. 2025ರ ಫೆಬ್ರವರಿಯಾಗ ಸಿಬಿಐ 60ಕ್ಕೂ ಹೆಚ್ಚು ಕಡಿ ತಪಾಸ ಮಾಡ್ತು. ಅದರಾಗ ನಾಂದೇಡವೂ ಇತ್ತು, ಬೆಂಗಳೂರೂ ಇತ್ತು. ನಾಂದೇಡ ನಮಗೆಷ್ಟು ದೂರರೀ? ಬೀಗರ ಊರದು. (ಬೆಂಗಳೂರಿನ ಬಿಟ್‌ಕಾಯಿನ್ ಹಗರಣ ಅಂತ 2021ರಾಗ ಪೇಪರ್ ತುಂಬ ಬಂತಲ್ಲ, ಅದು ಹ್ಯಾಕಿಂಗ್ ಸುದ್ದಿ, ಇದರಾಗ ಕೂಡಿಸಬ್ಯಾಡ್ರಿ.)

ಆದ್ರ ನನಗ ಹೆಚ್ಚು ಸಿಟ್ಟು ಇರೂದು ಎರಡನೇ ಜಾತಿ ಮ್ಯಾಲೆ. ಆ್ಯಪಿನವ ಒಂದು ಮನಿ ಮುಳಗಿಸ್ತಾನ. ಶೆಡ್ಡಿನವ ಇಡೀ ಲೈನ್ ಮುಳಗಿಸ್ತಾನ. 10 ಎಚ್‌ಪಿ ಮಟಾ ಪಂಪ್‌ಸೆಟ್ಟಿಗೆ ಕರೆಂಟ್ ಬಿಟ್ಟಿ ಇರೂದು ನೀರೆತ್ತಲಿಕ್ಕ. ರೈತರು ಕೂತು, ನಿಂತು, ಜೇಲಿಗೆ ಹೋಗಿ ಪಡದದ್ದು ಅದು. ಅದರಾಗ ಬ್ಯಾರೆ ಕೆಲಸ ಮಾಡಿದ್ರ 2003ರ ವಿದ್ಯುತ್ ಕಾಯ್ದೆ 126ನೇ ಕಲಮಿನ ಪ್ರಕಾರ ಎರಡು ಪಟ್ಟು ರೇಟಿನಾಗ ವಸೂಲಿ. 135ನೇ ಕಲಮಿನಾಗ ಕಳ್ಳತನ ಅಂತ ಆದ್ರ ಮೂರು ವರ್ಷದ ಮಟಾ ಜೇಲು. ಆರ್‌ಆರ್ ನಂಬರ್ ನಿಮ್ಮದು, ಅರ್ಧ ಪಾಲಿನವನದಲ್ಲ. ಕೇಸ್ ಆದ ದಿನ ಅವನ ಬೈಕ್ ನಂಬರ್ ಸುದ್ದ ನಿಮಗ ಸಿಗೂದಿಲ್ಲ.

ಒಂದು ಟಿಸಿ ಮ್ಯಾಲೆ ಎಂಟ್ಹತ್ತು ಮೋಟರ್ ಮೊದಲೇ ಏದುಸುರು ಬಿಡ್ತಾವ. ಅದಕ್ಕ ನಾಲ್ಕು ಮಷೀನ್ ಜೋಡಿಸಿದ್ರ, ನಾಲ್ಕು 5 ಎಚ್‌ಪಿ ಮೋಟರ್ ಕದ್ದು ಕೂಡಿಸಿದಂಗ. ಟಿಸಿ ಸುಟ್ರ ಹೊಸದು ಬರೂ ಮಟಾ ಕಬ್ಬು, ಕಡ್ಲಿ ಒಣಗೂದು ಯಾರದು? ‘ಒಂದು ಮಷೀನಿಂದ ಏನಾಗ್ತದ’ ಅಂತ ನಮ್ಮವರೇ ಒಬ್ಬರು ಕಟ್ಟಿ ಮ್ಯಾಲೆ ಅಂದ್ರು. ಪಂಪ್‌ಸೆಟ್ಟಿಗೆ ಮೀಟರ್ ಕೂಡಿಸಬೇಕು ಅನ್ನೂ ಮಂದಿ ವರ್ಷಗಟ್ಟಲೆ ಕಾಯ್ಲಿಕತ್ತಾರ. ರೈತರ ಶೆಡ್ಡಿನಾಗ ಬಿಟ್‌ಕಾಯಿನ್ ಸಿಕ್ತು ಅಂತ ಒಂದು ಫೋಟೋ ಪೇಪರಿನಾಗ ಬಂದ್ರ ಅವರಿಗೆ ಅದಕ್ಕಿಂತ ಏನು ಬೇಕು?

ತಮ್ಮನ ಮಗನ ಕೈಲೆ 1930ಕ್ಕ ಫೋನ್ ಮಾಡಿಸೀನಿ, ಸೈಬರ್ ವಂಚನೆದು ಅದೇ ನಂಬರ್. ಹಾಕಿದ ರಶೀದಿ, ಚಾಟ್ ಅಳಿಸಬ್ಯಾಡ ಅಂದೀನಿ. ನಾಚಿಕಿಯಿಂದ ಎರಡು ವಾರ ಸುಮ್ಮನಿದ್ದ. ನಿಮ್ಮ ಮನ್ಯಾಗೂ ಯಾರರೆ ಹಂಗ ಸುಮ್ಮನ ಕುಂತಿದ್ರ ಬೈಬ್ಯಾಡ್ರಿ, ಮೊದಲು ಫೋನ್ ಮಾಡಿಸ್ರಿ.

ಶೆಡ್ಡಿನವ ಆದಿತ್ಯವಾರ ಮತ್ತ ಬರ್ತೀನಿ ಅಂದಾನ. ಬಾ ಅಂದೀನಿ. ಅವನು ಎಲ್ಲೆರೆ ಒಂದು ಮಷೀನ್ ನಡೆಸಿದ್ದು ಖರೇ ಇದ್ರ, ಅದರ ಮೂರು ತಿಂಗಳ ಕರೆಂಟ್ ಬಿಲ್ ತರಲಿಕ್ಕ ಹೇಳೀನಿ. ಆ ದಿನ ಲೈನಿನ ಎಂಟೂ ಮಂದಿ ನನ್ನ ಬೋರಿನ ಹತ್ರ ಬರ್ರಿ. ಚಹಾ ನಂದು.