ಸಿಂಹಲಾಂಛನದ ಬೆನ್ನಿಗೆ ಯಾರ ಚಿತ್ರ?

2025ರ ಅಕ್ಟೋಬರ್ 1ರಂದು ದೆಹಲಿಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ರಾಷ್ಟ್ರೀಯ ಸ್ವಯಂಸೇವಕ ಸಂಘದ ಶತಮಾನೋತ್ಸವದ ನೆನಪಿಗೆ ನೂರು ರೂಪಾಯಿ ನಾಣ್ಯವನ್ನೂ ಅಂಚೆಚೀಟಿಯನ್ನೂ ಬಿಡುಗಡೆ ಮಾಡಿದರು. ನಾಣ್ಯದ ಒಂದು ಮಗ್ಗುಲಲ್ಲಿ ಸಿಂಹಲಾಂಛನ. ಇನ್ನೊಂದರಲ್ಲಿ ಭಾರತಮಾತೆ, ಆಕೆಗೆ ವಂದಿಸುವ ಸ್ವಯಂಸೇವಕರು. ಅಂಚೆಚೀಟಿಯಲ್ಲಿ 1963ರ ಗಣರಾಜ್ಯೋತ್ಸವದಲ್ಲಿ ಸ್ವಯಂಸೇವಕರ ಪಥಸಂಚಲನ. ಇದು ಸಂವಿಧಾನಕ್ಕೆ ಮಾಡಿದ ಅವಮಾನ ಎಂದು ಅಂದು ಕೇರಳದ ಮುಖ್ಯಮಂತ್ರಿಯಾಗಿದ್ದ ಪಿಣರಾಯಿ ವಿಜಯನ್ ಖಂಡಿಸಿದರು. ನೂರು ವರ್ಷದ ಸೇವೆಗೆ ಸಂದ ಗೌರವ ಎಂದು ಸಂಘದ ಅಭಿಮಾನಿಗಳು ಹಿಗ್ಗಿದರು.

ಇಂಥ ನಾಣ್ಯ ಚಲಾವಣೆಗೆ ಬರುವುದಿಲ್ಲ, ಟಂಕಸಾಲೆ ಅದನ್ನು ಸಂಗ್ರಾಹಕರಿಗೆ ಮಾರುತ್ತದೆ. ನಮ್ಮ ಶಿರೋಳದ ಯಾವ ಕಿರಾಣಿ ಅಂಗಡಿಯ ಗಲ್ಲೆಗೂ ಅದು ಬೀಳದು. ಹಾಗಾದರೆ ತಕರಾರು ಯಾಕೆ ಎನ್ನುವವರಿದ್ದಾರೆ. ತಕರಾರು ಆ ಲಾಂಛನದ್ದು. ಆ ಲಾಂಛನ ಸಂಘವನ್ನು ಮೆಚ್ಚುವವರದೂ ಹೌದು, ಒಪ್ಪದವರದೂ ಹೌದು.

ಸೇವೆಯೇ ಅಳತೆಗೋಲಾದರೆ ನಮ್ಮ ಸೀಮೆಯ ಡಾ. ನಾ. ಸು. ಹರ್ಡೀಕರ್ ಅವರನ್ನು ನೆನೆಯಲೇಬೇಕು. ಅಮೆರಿಕದಲ್ಲಿ ಉನ್ನತ ವ್ಯಾಸಂಗ ಮಾಡಿ, ಅಲ್ಲೇ ಲಾಲಾ ಲಜಪತರಾಯರ ಜೊತೆ ದುಡಿದು, ಹುಬ್ಬಳ್ಳಿಗೆ ಮರಳಿದವರು ಅವರು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಹುಡುಗರೊಂದಿಗೆ ಸೆರೆಮನೆ ಕಂಡರು. ಅದೇ ವರ್ಷ ಡಿಸೆಂಬರಿನಲ್ಲಿ ಕಾಕಿನಾಡದ ಕಾಂಗ್ರೆಸ್ ಅಧಿವೇಶನದಲ್ಲಿ ಅವರ ಮುಂದಾಳುತನದ ಸೇವಾದಳ ಹುಟ್ಟಿತು. ಮರುವರ್ಷ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನಕ್ಕೆ ಹೆಗಲು ಕೊಟ್ಟವರು ಅವರ ಸ್ವಯಂಸೇವಕರೇ. 1932ರಲ್ಲಿ ಬ್ರಿಟಿಷರು ಸೇವಾದಳವನ್ನು ನಿಷೇಧಿಸಿದರು. 2023ರಲ್ಲಿ ಅದಕ್ಕೂ ನೂರು ತುಂಬಿತು. ಕೇಂದ್ರ ಸರ್ಕಾರ ಅದಕ್ಕೆ ನಾಣ್ಯ ಹೊರಡಿಸಲಿಲ್ಲ.

ಹೊರಡಿಸಿದ್ದರೂ ನಾನು ವಿರೋಧಿಸುತ್ತಿದ್ದೆ. ಸೇವಾದಳ ಇಂದು ಒಂದು ಪಕ್ಷದ ಅಂಗ. ಸಂಘವೂ ಚುನಾವಣೆಯ ಹೊತ್ತಿಗೆ ಯಾರ ಬೆನ್ನಿಗಿರುತ್ತದೆಂಬುದು ಹಳ್ಳಿಯ ಮಕ್ಕಳಿಗೂ ಗೊತ್ತು. ನೆರೆ ಬಂದಾಗ ಸ್ವಯಂಸೇವಕರು ಅನ್ನ ಹಂಚಿದ್ದು ಸುಳ್ಳಲ್ಲ, ಅದಕ್ಕೆ ಕೈಮುಗಿಯುತ್ತೇನೆ. ಆದರೆ ಅಧಿಕಾರದಲ್ಲಿರುವವರು ತಾವು ಬೆಳೆದುಬಂದ ಮನೆಗೆ ದೇಶದ ಮುದ್ರೆ ಒತ್ತಿಕೊಡುವುದು ತಪ್ಪು. ನಾಳೆ ಬರುವವರು ತಮ್ಮ ಮನೆಗೆ ಒತ್ತಿದರೂ ಅಷ್ಟೇ ತಪ್ಪು.

ತೀರಿಹೋದ ವ್ಯಕ್ತಿಗಳ ಮಾತು ಬೇರೆ. ಹರ್ಡೀಕರ್, ಸಂಘ ಸ್ಥಾಪಿಸಿದ ಹೆಡಗೇವಾರ್ ಇಬ್ಬರೂ 1889ರಲ್ಲೇ ಹುಟ್ಟಿದವರು, ಇಬ್ಬರ ಹೆಸರಲ್ಲೂ ಅಂಚೆಚೀಟಿ ಬಂದಿದೆ. ಅವರ ಬದುಕು ಮುಗಿದಿದೆ, ಇತಿಹಾಸ ಅದನ್ನು ತೂಗಬಲ್ಲದು. ಇಂದಿಗೂ ಬೀದಿಯಲ್ಲಿ, ಮತಗಟ್ಟೆಯ ಸುತ್ತ ಸಕ್ರಿಯವಾಗಿರುವ ಸಂಘಟನೆಗೆ, ಅದು ಯಾವುದೇ ಇರಲಿ, ನಾಣ್ಯ ಬೇಡ. ಸಂಸತ್ತು ಈ ನಿಯಮವನ್ನು 2011ರ ನಾಣ್ಯ ಕಾಯ್ದೆಯಲ್ಲೇ ಬರೆದಿಡಲಿ. ಈ ನಾಣ್ಯಕ್ಕೆ ಯಾವ ಆಧಾರದ ಮೇಲೆ ಒಪ್ಪಿಗೆ ಕೊಟ್ಟರೆಂಬ ಕಡತವನ್ನೂ ಸರ್ಕಾರ ಜನರ ಮುಂದಿಡಲಿ.