ಅರ್ಧಬಲದ ಅಳತೆ: ಅರವತ್ತರ ನಂತರ ಭಾರ ಎತ್ತುವವರಿಗೆ

ದಾಸೋಹದ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿದ ಮೇಲೆ ಹಿರಿಯರು ಏಳುವ ಬಗೆಯನ್ನು ನಾವು ಕೆಲವು ವರ್ಷಗಳಿಂದ ಗಮನಿಸುತ್ತ ಬಂದಿದ್ದೇವೆ. ಒಬ್ಬರು ಎರಡೂ ಅಂಗೈಗಳನ್ನು ನೆಲಕ್ಕೂರಿ ಏಳುತ್ತಾರೆ. ಮತ್ತೊಬ್ಬರು ಪಕ್ಕದವರ ಹೆಗಲು ಹಿಡಿಯುತ್ತಾರೆ. ಏಳಲಾಗದೆಂಬ ಅಂಜಿಕೆಯಿಂದ ಕೆಲವರು ಪಂಕ್ತಿಯನ್ನೇ ಬಿಟ್ಟು ಕುರ್ಚಿ ಕೇಳುತ್ತಾರೆ. ಇದೆಲ್ಲವೂ ಮಂಡಿನೋವೆಂದೇ ನಾವು ಬಹುಕಾಲ ತಿಳಿದಿದ್ದೆವು. ತೈಲ ಕೊಟ್ಟೆವು, ಗುಗ್ಗುಳು ಕೊಟ್ಟೆವು, ದಿನಕ್ಕೆ ಅರ್ಧ ತಾಸು ನಡೆಯಿರಿ ಎಂದೆವು. ಅನೇಕರಿಗೆ ನೋವು ಇಳಿಯಿತು, ಆದರೆ ಏಳುವುದು ಸುಲಭವಾಗಲಿಲ್ಲ. ಕೀಲಿನ ಜೊತೆಗೆ ತೊಡೆಯ ಮಾಂಸಧಾತುವೂ ಕ್ಷೀಣಿಸಿತ್ತು. ನಡಿಗೆಯಿಂದ ಹೃದಯಕ್ಕೂ ಉಸಿರಿಗೂ ಒಳಿತುಂಟು. ಕ್ಷೀಣಿಸಿದ ಮಾಂಸ ಮತ್ತೆ ಬಲಗೊಳ್ಳಬೇಕಾದರೆ ಅದರ ಮೇಲೆ ಭಾರ ಬೀಳಲೇಬೇಕು. ಈ ಮಾತನ್ನು ತಡವಾಗಿ ಒಪ್ಪಿಕೊಂಡ ವೈದ್ಯರಲ್ಲಿ ನಾವೂ ಒಬ್ಬರು.

ಶಾಸ್ತ್ರವೇ ವೃದ್ಧರಿಗೆ ವ್ಯಾಯಾಮ ಬೇಡವೆಂದಿದೆಯಲ್ಲ ಎಂದು ಕೇಳುವವರುಂಟು. ನಿಜ. ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ ವಾಗ್ಭಟಾಚಾರ್ಯರು ಬಾಲರು, ವೃದ್ಧರು, ಅಜೀರ್ಣವುಳ್ಳವರು ಮತ್ತು ವಾತಪಿತ್ತ ರೋಗಿಗಳು ವ್ಯಾಯಾಮವನ್ನು ವರ್ಜಿಸಬೇಕೆಂದಿದ್ದಾರೆ. ನಾವು ಕೂಡ ಈ ಮಾತನ್ನು ಮುಂದಿಟ್ಟುಕೊಂಡೇ ಹಿರಿಯರಿಗೆ ವಿಶ್ರಾಂತಿ ಹೇಳುತ್ತಿದ್ದೆವು. ಆದರೆ ನಮ್ಮ ಅಜ್ಜಿಯ ದಿನವನ್ನು ನೆನೆದುಕೊಂಡರೆ ಬೇರೆಯೇ ಅರ್ಥ ತೋರುತ್ತದೆ. ಬೆಳಗಿನ ಜಾವ ಬೀಸುವ ಕಲ್ಲು, ಆಮೇಲೆ ಬಾವಿಯ ಕೊಡ, ಮಧ್ಯಾಹ್ನಕ್ಕೆ ಒನಕೆ. ಅಜ್ಜನಿಗೆ ಜೋಳದ ಚೀಲ, ಹುಲ್ಲಿನ ಹೊರೆ. ಅಂಥವರಿಗೆ ಪ್ರತ್ಯೇಕ ವ್ಯಾಯಾಮ ಬೇಡವೆನ್ನುವುದು ಸರಿಯೇ. ಈಗ ಕಲ್ಲಿನ ಬದಲು ಮಿಕ್ಸರ್ ಬಂದಿದೆ, ಕೊಡದ ಬದಲು ನಲ್ಲಿ ಬಂದಿದೆ. ಭಾರ ಬದುಕಿನಿಂದಲೇ ಹೊರಟುಹೋಗಿದೆ. ಹೋದುದನ್ನು ಅಳತೆಯಲ್ಲಿ ಹಿಂದಕ್ಕೆ ತರುವುದು ಶಾಸ್ತ್ರವಿರೋಧವಲ್ಲವೆಂಬುದು ನಮ್ಮ ಅಭಿಪ್ರಾಯ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ 65 ದಾಟಿದವರು ವಾರಕ್ಕೆ ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮ ಮಾಡಬೇಕೆನ್ನುತ್ತದೆ.

ಅಳತೆಯನ್ನು ಕೊಟ್ಟವರೂ ಆಚಾರ್ಯರೇ. ಬಲವಂತರು, ಜಿಡ್ಡುಳ್ಳ ಆಹಾರ ಉಣ್ಣುವವರು ಸಹ ಚಳಿಗಾಲ ಮತ್ತು ವಸಂತದಲ್ಲಿ ಅರ್ಧಬಲದಷ್ಟೇ, ಉಳಿದ ಋತುಗಳಲ್ಲಿ ಇನ್ನೂ ಕಡಿಮೆ ಮಾಡಬೇಕು. ಅರ್ಧಬಲ ಮುಗಿದುದನ್ನು ತಿಳಿಯುವುದೂ ಕಷ್ಟವಲ್ಲ: ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡುತ್ತದೆ, ಉಸಿರು ಮೂಗನ್ನು ಬಿಟ್ಟು ಬಾಯಿಗೆ ಬರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಅತಿ ಮಾಡುವವನನ್ನು ವಾಗ್ಭಟರು ಆನೆಯನ್ನು ಎಳೆಯಹೋಗಿ ತಾನೇ ಅಳಿಯುವ ಸಿಂಹಕ್ಕೆ ಹೋಲಿಸಿದ್ದಾರೆ. ಇಂದಿನ ಜಿಮ್‌ಗಳ ಗೋಡೆಯ ಮೇಲೆ ಬರೆಸಬೇಕಾದ ಮಾತಿದು. ಅಲ್ಲಿ ಸಿಂಹದ ಚಿತ್ರವೇನೋ ಇರುತ್ತದೆ, ಆನೆ ಮಾತ್ರ ಇರುವುದಿಲ್ಲ.

ಎರಡು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದ 68ರ ತಾಯಿಯೊಬ್ಬರಿಗೆ ಶೌಚಕ್ಕೆ ಕುಳಿತರೆ ಏಳಲು ಸೊಸೆ ಬೇಕಾಗಿತ್ತು. ಆ ಸಂಕೋಚಕ್ಕೆ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ನಾವು ಹೇಳಿದ್ದು ಇಷ್ಟೇ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಮೇಲೆ ಒಂದು ದಿಂಬು ಹಾಕಿ, ಕೈ ಊರದೆ ಎದ್ದು ನಿಧಾನವಾಗಿ ಕೂರುವುದು. ಎಂಟು ಸಲ, ಸ್ವಲ್ಪ ವಿರಾಮ, ಮತ್ತೆ ಎಂಟು ಸಲ. ದಿನ ಬಿಟ್ಟು ದಿನ. ಕೆಲವು ವಾರಗಳಾದ ಮೇಲೆ ದಿಂಬು ತೆಗೆಸಿದೆವು, ಅನಂತರ ಎರಡೂ ಕೈಗೆ ಒಂದೊಂದು ಲೀಟರ್ ನೀರಿನ ಬಾಟಲಿ ಕೊಟ್ಟೆವು, ಅಂದರೆ ಹೆಚ್ಚುಕಡಿಮೆ ಒಂದೊಂದು ಕಿಲೋ. ಬಾಟಲಿಯ ಬದಲು ಜೋಳ ತುಂಬಿದ ಕೈಚೀಲವಾದರೂ ಆದೀತು. ಹನ್ನೆರಡು ಸಲ ಸಲೀಸಾಗಿ ಎತ್ತಲು ಬಂದರೆ ಮಾತ್ರ ಅರ್ಧ ಕಿಲೋ ಏರಿಸುವುದು. ಈಗ ಅವರು ಸೊಸೆಯನ್ನು ಕೂಗುವುದಿಲ್ಲ. ನೆಲದಿಂದ ಏಳುವಾಗ ಒಂದು ಕೈ ಊರುತ್ತಾರೆ, ಅದಕ್ಕೆ ನಮ್ಮ ಆಕ್ಷೇಪವಿಲ್ಲ.

ಎತ್ತುವಾಗ ಉಸಿರು ಬಿಗಿಹಿಡಿಯಬಾರದು. ಹಾಗೆ ಮಾಡಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಎತ್ತುವಾಗ ಬಿಡುವುದು, ಇಳಿಸುವಾಗ ತೆಗೆದುಕೊಳ್ಳುವುದು. ನೆಲದ ಮೇಲಿನ ಭಾರವನ್ನು ಮೈಗೆ ಹತ್ತಿರ ಹಿಡಿದು, ಸೊಂಟ ಮತ್ತು ಮಂಡಿ ಬಗ್ಗಿಸಿ, ಬೆನ್ನು ನೇರವಿಟ್ಟು ಎತ್ತಬೇಕು, ಎತ್ತುತ್ತ ತಿರುಗಬಾರದು. ಊಟವಾಗಿ ಎರಡು ಮೂರು ತಾಸು ಕಳೆದಿರಬೇಕು. ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ, ಹರ್ನಿಯಾ, ಗರ್ಭಕೋಶ ಜಾರಿರುವುದು, ಮೂಳೆ ಸವೆತ, ಇತ್ತೀಚೆಗೆ ಕಣ್ಣಿನ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆ, ಇವುಗಳಲ್ಲಿ ಯಾವುದಿದ್ದರೂ ತಮ್ಮ ವೈದ್ಯರನ್ನು ಕೇಳದೆ ಆರಂಭಿಸಬಾರದು. ಮಾಂಸಖಂಡ ಒಂದೆರಡು ದಿನ ಬಿಗಿದಂತಿದ್ದರೆ ಹೆದರಬೇಕಿಲ್ಲ. ಕೀಲಿನಲ್ಲಿ ಚುಚ್ಚಿದಂತಾದರೆ ಬಿಡಬೇಕು. ಎದೆ ಹಿಡಿದರೆ, ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು, ನಮ್ಮ ಕಷಾಯಕ್ಕೆ ಕಾಯಬಾರದು.

ಜಿಮ್‌ಗೆ ಹೋಗುವ ಯುವಕರಿಗೂ ಒಂದು ಮಾತು. ಗರಡಿಮನೆಯಲ್ಲಿ ಪಾದರಕ್ಷೆ ಹೊರಗೆ ಬಿಟ್ಟು, ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡೇ ಒಳಗೆ ಇಳಿಯುತ್ತಿದ್ದರು. ವಸ್ತಾದರು ಹೊಸಬನಿಗೆ ಮೊದಲು ಬಸ್ಕಿ ಹೊಡೆಸುತ್ತಿದ್ದರು, ಭಾರ ಆಮೇಲಿನ ಮಾತು. ಆ ಮರ್ಯಾದೆ ಕಬ್ಬಿಣಕ್ಕೂ ಸಲ್ಲಬೇಕು: ಬೆವರು ಒರೆಸುವುದು, ಎತ್ತಿದ್ದನ್ನು ಮೊದಲಿನ ಜಾಗದಲ್ಲಿ ಇಡುವುದು, ಹೆಣ್ಣುಮಕ್ಕಳನ್ನೂ ಹಿರಿಯರನ್ನೂ ದಿಟ್ಟಿಸಿ ನೋಡಿ ನಗದಿರುವುದು. ಅರವತ್ತರವರು ಅಲ್ಲಿಗೆ ಕಾಲಿಡದಿರಲು ಈ ನಗೆಯೇ ಅರ್ಧ ಕಾರಣ. ಮೊದಲ ದಿನವೇ ಗೆಳೆಯನ ಭಾರ ಎತ್ತಹೋಗಿ ಸೊಂಟ ಹಿಡಿದುಕೊಂಡು ನಮ್ಮಲ್ಲಿಗೆ ಬರುವ ಹುಡುಗರೇನೂ ಕಡಿಮೆಯಿಲ್ಲ. ಇಷ್ಟಲಿಂಗ ಧರಿಸಿದವರು ಅದನ್ನು ತೆಗೆದಿಡಬೇಕೇ ಎಂದು ಕೇಳುತ್ತಾರೆ. ಬೇಕಿಲ್ಲ. ಶಿವದಾರವನ್ನು ಗಿಡ್ಡ ಮಾಡಿ, ಕರಡಿಗೆ ಜೋಲಾಡದಂತೆ ಬನಿಯನ್ನಿನ ಒಳಗೆ ಭದ್ರಪಡಿಸಿಕೊಂಡರಾಯಿತು. ಎದೆಯ ಮೇಲೆ ಸರಳನ್ನು ಇಳಿಸುವ ವ್ಯಾಯಾಮವೊಂದನ್ನು ಬಿಡುವುದು ಲೇಸು.

ಪುಡಿಯ ಡಬ್ಬಿಗಳ ಬಗೆಗೂ ಕೇಳುವವರಿದ್ದಾರೆ. ಆರಂಭಿಸುವವರಿಗೆ ಅವುಗಳ ಅಗತ್ಯವಿಲ್ಲ. ಮೊಳಕೆ ಬಂದ ಹೆಸರು, ಮಡಿಕೆಕಾಳು, ಜುಣಕ, ಶೇಂಗಾ, ಹಾಲು, ಮೊಸರು ನಮ್ಮ ಅಡುಗೆಮನೆಯಲ್ಲೇ ಇವೆ. ಹಿರಿಯರು ರಾತ್ರಿ ಬರೀ ಗಂಜಿ ಕುಡಿದು ಮಲಗುವುದನ್ನು ಬಿಟ್ಟು, ಅದರ ಜೊತೆಗೆ ಒಂದು ಬಟ್ಟಲು ಬೇಳೆಯನ್ನೂ ತೆಗೆದುಕೊಳ್ಳಲಿ. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ಬೇಳೆಯ ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿಯಬೇಕು.