ಸಂಗೀತಗಾರನ ಬಾಕಿಯೂ ಬಾಕಿಯೇ

ಹುಬ್ಬಳ್ಳಿ-ಧಾರವಾಡದ ಹೆಸರು ಹೊರಗಿನವರಿಗೆ ಎರಡು ಕಾರಣಗಳಿಂದ ಪರಿಚಿತವಾಗಿದೆ. ಒಂದು ಇಲ್ಲಿಯ ವ್ಯಾಪಾರ. ಮತ್ತೊಂದು ಇಲ್ಲಿಯ ಹಿಂದೂಸ್ತಾನಿ ಸಂಗೀತ. ಕುಂದಗೋಳದ ಸವಾಯಿ ಗಂಧರ್ವ, ಅವರ ಶಿಷ್ಯೆ ಗಂಗೂಬಾಯಿ ಹಾನಗಲ್, ಧಾರವಾಡದ ಮಲ್ಲಿಕಾರ್ಜುನ ಮನಸೂರ ಹಾಗೂ ಬಸವರಾಜ ರಾಜಗುರು, ಗದುಗಿನ ಭೀಮಸೇನ ಜೋಶಿ ಇವರೆಲ್ಲರ ಹೆಸರುಗಳನ್ನು ನಮ್ಮ ಸಭೆ ಸಮಾರಂಭಗಳಲ್ಲಿ ಅಭಿಮಾನದಿಂದ ಸ್ಮರಿಸುತ್ತೇವೆ. ಆದರೆ ಈ ಪರಂಪರೆಯನ್ನು ಇಂದು ಮುಂದುವರಿಸುತ್ತಿರುವ, ಸಂಬಳದ ನೌಕರಿಯಿಲ್ಲದ ಸ್ವತಂತ್ರ ಕಲಾವಿದರು ತಮ್ಮ ಸಂಸಾರವನ್ನು ಹೇಗೆ ತೂಗಿಸುತ್ತಾರೆಂಬ ಪ್ರಶ್ನೆ ಆ ಸಭೆಗಳಲ್ಲಿ ಏಳುವುದಿಲ್ಲ. ಲೆಕ್ಕಪತ್ರಗಳ ನಡುವೆಯೇ ಮೂರು ದಶಕ ಕಳೆದವನಾಗಿ ಆ ಪ್ರಶ್ನೆಯನ್ನು ವರ್ತಕ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ. ಏಕೆಂದರೆ ಉತ್ತರದ ಒಂದು ಭಾಗ ನಮ್ಮ ಕೈಯಲ್ಲಿಯೇ ಇದೆ.

ಬದಲಾದ ಆಶ್ರಯ

ಹಿಂದಿನ ತಲೆಮಾರಿನ ಕಲಾವಿದರಿಗೆ ನಾಟಕ ಕಂಪನಿಗಳು, ಸಂಸ್ಥಾನಗಳು ಮತ್ತು ಶ್ರೀಮಂತ ಮನೆತನಗಳ ಆಶ್ರಯವಿತ್ತು. ಮನಸೂರರು ತರುಣರಾಗಿದ್ದಾಗ ನಾಟಕ ಕಂಪನಿಯಲ್ಲಿದ್ದರು. 1930ರ ದಶಕದಲ್ಲಿ ಗ್ರಾಮಫೋನ್ ಕಂಪನಿಗಳು ಬಂದವು. ಗಂಗೂಬಾಯಿಯವರ ಆರಂಭದ ಧ್ವನಿಮುದ್ರಿಕೆಗಳು ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಹೊರಬಂದವು. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಹಲವರಿಗೆ ನಿಲಯ ಕಲಾವಿದರಾಗಿ ತಿಂಗಳ ವೇತನವೂ ದೊರೆಯಿತು. ನಾಟಕ ಕಂಪನಿಗಳು ಮುಚ್ಚಿದವು, ಸಂಸ್ಥಾನಗಳು ವಿಲೀನವಾದವು, ನಿಲಯ ಕಲಾವಿದರ ಹುದ್ದೆಗಳು ತೆರವಾದಾಗ ಮೊದಲಿನಂತೆ ಭರ್ತಿಯಾಗುತ್ತಿಲ್ಲ. ಈಗ ಕಲಾವಿದನಿಗೆ ಉಳಿದಿರುವುದು ಮನೆಪಾಠ, ಉತ್ಸವ ಕಾಲದ ಕಾರ್ಯಕ್ರಮ ಮತ್ತು ಮದುವೆ ಆರತಕ್ಷತೆ. ಆಷಾಢದಲ್ಲಿ ಜವಳಿ ಅಂಗಡಿಗೆ ಬರುವ ಮಂದಿ ಕಡಿಮೆಯಾಗುವಂತೆ ಅವನಿಗೂ ಕರೆಗಳು ಕಡಿಮೆ. ವ್ಯತ್ಯಾಸವೆಂದರೆ ನಮ್ಮಲ್ಲಿ ಮಾರಾಟವಾಗದ ಸರಕು ಉಳಿಯುತ್ತದೆ. ಅವನಲ್ಲಿ ಹಾಡದೆ ಕಳೆದ ಸಂಜೆ ಉಳಿಯುವುದಿಲ್ಲ.

ಒಂದು ಕಛೇರಿಯ ಲೆಕ್ಕ

ಕೇವಲ ಉದಾಹರಣೆಗೆಂದು ಒಂದು ಲೆಕ್ಕ ಹಾಕೋಣ. ಒಬ್ಬ ಗಾಯಕರಿಗೆ ಒಂದು ಕಾರ್ಯಕ್ರಮಕ್ಕೆ 30,000 ರೂಪಾಯಿ ಗೊತ್ತಾಗಿದೆಯೆಂದು ಭಾವಿಸಿ. ಅದರಲ್ಲಿ ತಬಲಾ ಸಾಥ್‌ಗೆ 6,000, ಹಾರ್ಮೋನಿಯಂಗೆ 5,000, ತಂಬೂರಿ ಮೀಟುವ ಇಬ್ಬರಿಗೆ 3,000, ವಾಹನಕ್ಕೆ 4,000 ಹೋದರೆ ಗಾಯಕರಿಗೆ ಉಳಿಯುವುದು 12,000. ವರ್ಷಕ್ಕೆ ಇಂಥ ಇಪ್ಪತ್ತು ಕಾರ್ಯಕ್ರಮ ದೊರೆತರೂ ತಿಂಗಳಿಗೆ 20,000 ರೂಪಾಯಿ. ಇದಕ್ಕಾಗಿ ಅವರು ನಿತ್ಯ ಮಾಡುವ ನಾಲ್ಕೈದು ತಾಸಿನ ರಿಯಾಜ್‌ಗೆ ಯಾವ ಖಾತೆಯಲ್ಲಿಯೂ ಜಮಾ ಇಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಸಾಥ್ ನೀಡಿದವರಿಗೆ ಗಾಯಕರು ಅದೇ ರಾತ್ರಿ ಹಣ ಕೊಡುತ್ತಾರೆ. ಕೊಡದಿದ್ದರೆ ಮುಂದಿನ ಬಾರಿ ಅವರು ಬರುವುದಿಲ್ಲ. ಆದರೆ ಸಂಘಟಕರಿಂದ ಗಾಯಕರಿಗೆ ಹಣ ಬರುವುದು ಒಂದು ತಿಂಗಳಿಗೋ ಮೂರು ತಿಂಗಳಿಗೋ; ಕೆಲವೊಮ್ಮೆ ಬರುವುದೇ ಇಲ್ಲ. ಅಂದರೆ ನಮ್ಮ ಉತ್ಸವಕ್ಕೆ 18,000 ರೂಪಾಯಿಯ ದುಡಿಯುವ ಬಂಡವಾಳವನ್ನು ಬಡ್ಡಿಯಿಲ್ಲದೆ ಒದಗಿಸಿದವರು ಆ ಗಾಯಕರು. ಪೆಂಡಾಲಿನವರಿಗೆ, ಧ್ವನಿವರ್ಧಕದವರಿಗೆ, ಊಟದ ಗುತ್ತಿಗೆಯವರಿಗೆ ಮುಂಗಡ ಕೊಡುವ ನಾವೇ ಕಲಾವಿದರಿಗೆ ಮಾತ್ರ ಶಾಲು ಹೊದಿಸಿ ‘ಆಮೇಲೆ ನೋಡೋಣ’ ಎನ್ನುತ್ತೇವೆ. ಇದು ಔದಾರ್ಯವೂ ಅಲ್ಲ, ವ್ಯಾಪಾರವೂ ಅಲ್ಲ.

ಕಾನೂನಿನ ದೃಷ್ಟಿ

ಕಾನೂನು ಈ ಬಾಕಿಯನ್ನು ಲಘುವಾಗಿ ಕಾಣುವುದಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯು ಸೇವಾ ಉದ್ಯಮಗಳಿಗೂ ಅನ್ವಯಿಸುತ್ತದೆ. 2020ರ ಜುಲೈ 1ರಿಂದ ಜಾರಿಗೆ ಬಂದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಕಲಾ ಚಟುವಟಿಕೆಯನ್ನು ವೃತ್ತಿಯಾಗಿ ನಡೆಸುವವರೂ ನೋಂದಾಯಿಸಿಕೊಳ್ಳಬಹುದು. ಹೀಗೆ ನೋಂದಾಯಿಸಿಕೊಂಡ ಕಲಾವಿದನಿಗೆ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ, ಒಪ್ಪಂದವಿದ್ದರೂ ಗರಿಷ್ಠ 45 ದಿನಗಳೊಳಗೆ ಹಣ ಸಂದಾಯವಾಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ ಚಕ್ರಬಡ್ಡಿ ತಗಲುತ್ತದೆ. 2023ರ ಹಣಕಾಸು ಕಾಯ್ದೆ ಇದಕ್ಕೆ ಆದಾಯ ತೆರಿಗೆಯ ಬಿಸಿಯನ್ನೂ ಸೇರಿಸಿತು: ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಅವಧಿ ಮೀರಿ ಉಳಿಸಿಕೊಂಡ ಬಾಕಿಯು, ಅದನ್ನು ವಾಸ್ತವವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ವೆಚ್ಚವೆಂದು ಕಳೆಯಲ್ಪಡುತ್ತದೆ. ಯಂತ್ರದ ಬಿಡಿಭಾಗ ಪೂರೈಸಿದವನಿಗೆ ಅನ್ವಯಿಸುವ ಈ ನಿಯಮದಿಂದ, ನಮ್ಮ ಷೋರೂಮಿನ ಉದ್ಘಾಟನೆಗೆ ಸಿತಾರ್ ನುಡಿಸಿದವನನ್ನು ಹೊರಗಿಡಲು ಕಾರಣವಿಲ್ಲ.

ಇತರ ವಿಷಯಗಳಲ್ಲಿ ಕಾನೂನು ಕಲಾವಿದನಿಗೆ ಸ್ವಲ್ಪ ಅನುಕೂಲಕರವಾಗಿಯೂ ಸ್ವಲ್ಪ ವಿಚಿತ್ರವಾಗಿಯೂ ಇದೆ. ಶಾಸ್ತ್ರೀಯ ಅಥವಾ ಜಾನಪದ ಪ್ರಕಾರದ ಸಂಗೀತ ಪ್ರದರ್ಶನಕ್ಕೆ ಸಂಭಾವನೆ ಒಂದೂವರೆ ಲಕ್ಷ ರೂಪಾಯಿ ಮೀರದಿದ್ದರೆ ಜಿಎಸ್‌ಟಿ ವಿನಾಯಿತಿಯಿದೆ. ಸ್ವಂತ ಗೀತೆಗಳನ್ನು ರಚಿಸಿ ಗಿಟಾರ್ ಹಿಡಿದು ಹಾಡುವ ತರುಣರ ತಂಡಕ್ಕೆ ಈ ವಿನಾಯಿತಿಯಿಲ್ಲ. ವಾರ್ಷಿಕ 20 ಲಕ್ಷದ ಸಾಮಾನ್ಯ ಮಿತಿಯೇ ಅವರ ರಕ್ಷಣೆ. ಇನ್ನು 2016ರಲ್ಲಿ ವೃತ್ತಿನಿರತರಿಗೆ ಒಟ್ಟು ಸ್ವೀಕೃತಿಯ ಅರ್ಧವನ್ನು ಆದಾಯವೆಂದು ಘೋಷಿಸುವ ಸರಳ ಪದ್ಧತಿ ಬಂದಾಗ, ಅದು ಅನ್ವಯಿಸುವ ವೃತ್ತಿಗಳಲ್ಲಿ ಚಲನಚಿತ್ರ ಕಲಾವಿದರೂ ಸೇರಿದ್ದರು. ಆ ಮೂಲಕ ಚಿತ್ರಕ್ಕೆ ಹಾಡುವ ಗಾಯಕರಿಗೂ ಸ್ಥಾನವಿತ್ತು. ವೇದಿಕೆಯ ಮೇಲೆ ಖಯಾಲ್ ಹಾಡುವವರನ್ನು ಯಾರೂ ನೆನೆಯಲಿಲ್ಲ. ಆದ್ದರಿಂದ ಶಾಸ್ತ್ರೀಯ ಸಂಗೀತಗಾರನು ಲೆಕ್ಕಪುಸ್ತಕ ಇಡುವುದೇ ಕ್ಷೇಮಕರ.

ಲೆಕ್ಕವಿಡದಿದ್ದರೆ ಆಗುವ ನಷ್ಟಕ್ಕೆ ನನ್ನ ಕಚೇರಿಗೆ ಬಂದ ತಬಲಾ ವಾದಕರೊಬ್ಬರ ಪ್ರಕರಣವೇ ನಿದರ್ಶನ. ಇಪ್ಪತ್ತು ವರ್ಷ ದುಡಿದು ಸ್ವಂತ ಮನೆ ಕಟ್ಟಲು ಹೊರಟ ಅವರಿಗೆ ಒಂದು ಬ್ಯಾಂಕು ಮೂರು ವರ್ಷದ ಆದಾಯ ವಿವರಣ ಪತ್ರ ಕೇಳಿತು. ಅವರ ಬಳಿ ಇದ್ದುದು ಪ್ರಶಸ್ತಿ ಪತ್ರಗಳು ಮಾತ್ರ. ಸಂಭಾವನೆಯನ್ನು ಲಕೋಟೆಯಲ್ಲಿ ನಗದಾಗಿ ಕೊಟ್ಟ ಸಂಘಟಕರಲ್ಲಿ ಒಬ್ಬರೂ ರಸೀದಿ ಪಡೆದಿರಲಿಲ್ಲ. ಸಾಲ ಮಂಜೂರಾಗಲಿಲ್ಲ. ಅವರ ಮಗ ತಬಲಾ ಬಿಟ್ಟು ಔಷಧ ಮಾರಾಟ ಪ್ರತಿನಿಧಿಯ ಕೆಲಸಕ್ಕೆ ಸೇರಿದ. ಒಂದು ಊರಿನ ಸಂಗೀತ ಕ್ಷೀಣಿಸುವುದು ಹೀಗೆಯೇ, ಸದ್ದಿಲ್ಲದೆ.

ಅಂತರಜಾಲದಿಂದ ಆದಾಯ ಬರುತ್ತದಲ್ಲ ಎಂದು ಕೆಲವರು ಕೇಳಬಹುದು. 2012ರ ಕೃತಿಸ್ವಾಮ್ಯ ತಿದ್ದುಪಡಿಯು ಗೀತರಚನಕಾರ ಮತ್ತು ಸಂಯೋಜಕರಿಗೆ ರಾಯಧನದ ಹಕ್ಕನ್ನು ಬಲಪಡಿಸಿದ್ದು ನಿಜ. ಆದರೆ 2024ರಿಂದ ಸ್ಪಾಟಿಫೈ ಸಂಸ್ಥೆಯ ನಿಯಮದಂತೆ, ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಬಾರಿಯಾದರೂ ಕೇಳಲ್ಪಡದ ಧ್ವನಿಮುದ್ರಣಕ್ಕೆ ರಾಯಧನವೇ ಇಲ್ಲ. ಸಣ್ಣ ಊರಿನ ಕಲಾವಿದನಿಗೆ ಅಂತರಜಾಲವು ಸದ್ಯಕ್ಕೆ ಪ್ರಚಾರದ ಫಲಕವೇ ಹೊರತು ಗಲ್ಲಾಪೆಟ್ಟಿಗೆಯಲ್ಲ. ಅವನ ಜೀವನ ನಿಂತಿರುವುದು ಸ್ಥಳೀಯ ವೇದಿಕೆಯ ಮೇಲೆಯೇ.

ದಾನ ಬೇರೆ, ದರ ಬೇರೆ

ಕಲೆಯನ್ನು ಹಣದಿಂದ ಅಳೆಯಬಾರದೆಂಬ ಮಾತು ನಮ್ಮಲ್ಲಿ ಬಲವಾಗಿದೆ. ಅದರಲ್ಲಿ ಸತ್ಯಾಂಶವಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಜನರ ಕಾಣಿಕೆಯಿಂದಲೇ ಅಂಧ ಮಕ್ಕಳನ್ನು ಕಲಾವಿದರನ್ನಾಗಿ ರೂಪಿಸಿತು. ಈ ಭಾಗದ ವರ್ತಕರ ಪಾಲು ಅದರಲ್ಲಿ ಸಣ್ಣದಲ್ಲ. ಆದರೆ ದಾನ ಸಲ್ಲಬೇಕಾದುದು ಸಂಸ್ಥೆಗೆ. ದುಡಿದವನಿಗೆ ಸಲ್ಲಬೇಕಾದುದು ದರ. ಅನ್ನವೂ ಪವಿತ್ರವೇ, ಆದರೆ ಅಕ್ಕಿಯನ್ನು ನಾವು ಪುಕ್ಕಟೆ ಮಾರುವುದಿಲ್ಲ.

ಪ್ರವೇಶ ಉಚಿತವಾಗಿದ್ದರೆ ಮಾತ್ರ ಶ್ರೋತೃಗಳು ಬರುತ್ತಾರೆಂಬ ವಾದವೂ ಪೂರ್ಣ ಒಪ್ಪುವಂಥದ್ದಲ್ಲ. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೆಯಲ್ಲಿ 1953ರಲ್ಲಿ ಪುಣೆಯಲ್ಲಿ ಆರಂಭವಾದ ಮಹೋತ್ಸವಕ್ಕೆ ರಸಿಕರು ಟಿಕೆಟ್ ಕೊಂಡು ಬರುತ್ತಾರೆ. ಅದನ್ನು ಕಟ್ಟಿ ಬೆಳೆಸಿದ ಭೀಮಸೇನ ಜೋಶಿಯವರೂ ಪುಣೆಯಲ್ಲಿಯೇ ನೆಲೆಸಿದರು. ಬೆಲೆ ತೆರುವ ಮಾರುಕಟ್ಟೆಯತ್ತ ಸರಕು ಸಾಗುತ್ತದೆಂಬುದು ವರ್ತಕರಿಗೆ ಬೇರೆಯವರು ಹೇಳಿಕೊಡಬೇಕಾದ ಪಾಠವಲ್ಲ.

ನಾವು ಮಾಡಬಹುದಾದುದು

ಈ ಹಿನ್ನೆಲೆಯಲ್ಲಿ ಕೆಲವು ಸಲಹೆಗಳನ್ನು ಮುಂದಿಡಬಯಸುತ್ತೇನೆ. ಮೊದಲನೆಯದಾಗಿ, ಕಾರ್ಯಕ್ರಮ ಗೊತ್ತುಮಾಡುವಾಗ ದಿನಾಂಕ, ಅವಧಿ, ಮೊತ್ತ, ಪ್ರಯಾಣ ವೆಚ್ಚ ಮತ್ತು ಧ್ವನಿಮುದ್ರಣದ ಅನುಮತಿಯನ್ನು ಒಳಗೊಂಡ ಒಂದು ಪುಟದ ಒಪ್ಪಂದವಿರಲಿ. ಎರಡನೆಯದಾಗಿ, ಅರ್ಧ ಹಣ ಮುಂಗಡವಾಗಿ, ಉಳಿದುದು ಕಾರ್ಯಕ್ರಮದ ದಿನವೇ ಬ್ಯಾಂಕ್ ಮೂಲಕ ಸಂದಾಯವಾಗಲಿ. ಮೂಲದಲ್ಲಿ ತೆರಿಗೆ ಕಡಿತ ಮಾಡಿದ್ದರೆ ಅದನ್ನು ಸರ್ಕಾರಕ್ಕೆ ಕಟ್ಟಿ ಪ್ರಮಾಣಪತ್ರ ನೀಡಿರಿ; ಅದು ಕಲಾವಿದನ ಹಣ. ಮೂರನೆಯದಾಗಿ, ವ್ಯವಹಾರದ ಪ್ರಚಾರಕ್ಕಾಗಿ ನೀಡುವ ಪ್ರಾಯೋಜಕತ್ವವನ್ನು ದಾನದ ಖಾತೆಗೆ ಹಾಕದೆ ಜಾಹೀರಾತು ವೆಚ್ಚವಾಗಿ ಸೂಕ್ತ ದಾಖಲೆಯೊಂದಿಗೆ ತೋರಿಸಿರಿ. ತೆರಿಗೆಯ ದೃಷ್ಟಿಯಿಂದಲೂ ಅದು ಸರಿಯಾದ ಕ್ರಮ. ನಾಲ್ಕನೆಯದಾಗಿ, ನಮ್ಮ ವಾಣಿಜ್ಯ ಸಂಸ್ಥೆಯು ವರ್ಷಕ್ಕೊಮ್ಮೆ ಸ್ಥಳೀಯ ಕಲಾವಿದರಿಗಾಗಿ ಉದ್ಯಮ್ ನೋಂದಣಿ ಮತ್ತು ಲೆಕ್ಕಪತ್ರ ಶಿಬಿರ ಏರ್ಪಡಿಸಲಿ. ನಮ್ಮ ವೃತ್ತಿಯವರು ಅದಕ್ಕೆ ಶುಲ್ಕವಿಲ್ಲದೆ ಸೇವೆ ಸಲ್ಲಿಸಲು ಸಿದ್ಧರಾಗಬೇಕು, ನಾನಂತೂ ಸಿದ್ಧನಿದ್ದೇನೆ.

ಕಲಾವಿದರಿಗೂ ಒಂದು ಮಾತು. ಸಂಭಾವನೆ ಕೇಳಲು ಸಂಕೋಚ ಬೇಡ; ರಸೀದಿ ಕೊಡಲು ಉದಾಸೀನವೂ ಬೇಡ. ಬಿಲ್ಲು ಬರೆಯದವನ ಬಾಕಿಯನ್ನು ವಸೂಲು ಮಾಡಿಸುವ ಕಾನೂನು ಇನ್ನೂ ಹುಟ್ಟಿಲ್ಲ.

ಮುಂದಿನ ಗಣೇಶೋತ್ಸವಕ್ಕೆ, ಮಳಿಗೆಯ ವಾರ್ಷಿಕೋತ್ಸವಕ್ಕೆ ನಮ್ಮಲ್ಲಿ ಅನೇಕರು ಕಲಾವಿದರನ್ನು ಕರೆಸಲಿದ್ದೇವೆ. ಆ ದಿನದ ಖರ್ಚಿನ ಪಟ್ಟಿಯಲ್ಲಿ ಅವರ ಹೆಸರು ಕೊನೆಯ ಸಾಲಿನಲ್ಲಿರದೆ ಮೊದಲ ಸಾಲಿನಲ್ಲಿರಲಿ.